ಮಂಜುಗಡ್ಡೆಯ ಮೇಲೆ ಬೆಲ್ಟ್

ನನ್ನ ಹಿರಿಯ ಮಗ ತಾರ್ವೊ ತನ್ನ ತಮ್ಮನನ್ನು ಕೊಲ್ಲಲು ಹೊರಟ ದಿನ ಬೆಳಿಗ್ಗೆ ನಾನು ಬಾರ್ಲಿ ಗಂಜಿ ಮಾಡಿದ್ದೆ. ಗಂಜಿಯ ಪಾತ್ರೆ ಗೋಡೆಗೆ ಬಡಿಯಿತು. ಅದರ ಹಿಂದೆಯೇ ಕುರ್ಚಿ. ಗೋಡೆಯ ಮೇಲಿದ್ದ ನನ್ನ ಸತ್ತ ಗಂಡನ ಫೋಟೊದ ಮೇಲಿಂದ ಗಂಜಿ ಮೆಲ್ಲಗೆ ಇಳಿಯುತ್ತಿತ್ತು. ಅದನ್ನು ನೋಡಿ ನನಗೆ ನಗು ಬಂತು. ಹೆದರಿದಾಗ ನನಗೆ ನಗುವೇ ಬರುವುದು, ಏನು ಮಾಡಲಿ.

"ನಗ್ತೀಯಾ? ನಗು. ನಿನ್ನ ಮುದ್ದಿನ ಮಗ ಏನ್ ಬರ್ದಿದಾನೆ ನೋಡು" ಎಂದು ತಾರ್ವೊ ಫೋನನ್ನು ನನ್ನ ಮೂಗಿಗೆ ಹಿಡಿದ.

ಕಿರಿಯವನಾದ ಕೌಪೊ ಎರಡು ಸಾಲು ಬರೆದಿದ್ದ. ಮೆರ್ಲೆ ಇನ್ನು ನಿನ್ನ ಮನೆಗೆ ಬರುವುದಿಲ್ಲ, ನನ್ನ ಜೊತೆಯೇ ಇರುತ್ತಾಳೆ ಎಂದು.

ಮೆರ್ಲೆ ತಾರ್ವೊನ ಹೆಂಡತಿ. ಇವನು ಮೂರು ಚಳಿಗಾಲ ಫಿನ್ಲೆಂಡಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಾಗ ಅವಳಿಗೆ ಸೌದೆ ಒಡೆದು ಕೊಟ್ಟವನು ಕೌಪೊ. ಸೌದೆ ಒಡೆದವನು ಒಲೆಯ ಹತ್ತಿರ ಕೂರದೆ ಹೋಗುತ್ತಾನೆಯೇ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ಆ ಗಾದೆ ಆಸ್ತಿಗೆ ಹೇಳಿದ್ದು, ನನ್ನ ಮನೆಯಲ್ಲಿ ಹೆಂಡತಿಗೂ ಬಂತು. ಕೌಪೊ ಮಾಡಿದ್ದು ಹಲ್ಕಾ ಕೆಲಸವೇ. ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ. ಆದರೆ ಹಲ್ಕಾ ಕೆಲಸಕ್ಕೆ ಹೆತ್ತವಳು ಕೆನ್ನೆಗೆ ಎರಡು ಬಾರಿಸಬಹುದು, ಅಣ್ಣ ಗುಂಡು ಹೊಡೆಯುವಂತಿಲ್ಲ.

ತಾರ್ವೊ ಅಪ್ಪನ ಹಂದಿ ಬೇಟೆಯ ಬಂದೂಕನ್ನು ಗೂಡಿನಿಂದ ಇಳಿಸಿದ. ನನ್ನೆದುರಿಗೇ ಗುಂಡು ತುಂಬಿದ. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ.

ಆ ಕಾರಿನ ಬಗ್ಗೆ ಹೇಳಲೇಬೇಕು. ನಮ್ಮ ಹೀಯುಮಾ ದ್ವೀಪದಲ್ಲಿ ಬುದ್ಧಿ ನೆಟ್ಟಗಿರುವವರು ಎಂಜಿನ್ ನಾಲ್ಕೂ ಚಕ್ರವನ್ನು ತಿರುಗಿಸುವ ಗಾಡಿ ಕೊಳ್ಳುತ್ತಾರೆ, ಇಲ್ಲದಿದ್ದರೆ ಮುಂದಿನ ಚಕ್ರದಿಂದ ಎಳೆಯುವುದನ್ನು. ಊರಿಗೆಲ್ಲ ಒಂದು ದಾರಿಯಾದರೆ ಪೋರನಿಗೊಂದು ದಾರಿ. ಇವನು ಫಿನ್ಲೆಂಡಿನ ದುಡಿಮೆಯನ್ನೆಲ್ಲ ಸುರಿದು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ತಂದ. ಕೂತರೆ ಅಂಡು ನೆಲಕ್ಕೆ ತಾಗುವಷ್ಟು ತಗ್ಗು. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. ಒಣ ರಸ್ತೆಯಲ್ಲಿ ಅದು ರಾಜ, ಜಾರುವ ನೆಲದಲ್ಲಿ ಕುಡುಕ. ಬಾಲ ನೆಲ ಬಿಡದಿರಲಿ ಎಂದು ಚಳಿಗಾಲವೆಲ್ಲ ಡಿಕ್ಕಿಯಲ್ಲಿ ಎರಡು ಚೀಲ ಜಲ್ಲಿ ಹೊತ್ತು ತಿರುಗುತ್ತಿದ್ದ. ಜನವರಿಯಲ್ಲಿ ಕೊಲ್ಲಿ ಹೆಪ್ಪುಗಟ್ಟಿದ ಮೇಲೆ ಅಲ್ಲಿ ಆಟ ಶುರು. ಓಡುವಾಗಲೇ ಹ್ಯಾಂಡ್‌ಬ್ರೇಕ್ ಎಳೆಯುವುದು, ಹಿಂದಿನ ಚಕ್ರ ಹಿಡಿದುಕೊಂಡು ಕಾರು ಬುಗುರಿಯಾಗುವುದು, ದಡದಲ್ಲಿ ನಿಂತವರು ಶಿಳ್ಳೆ ಹೊಡೆಯುವುದು. ನಾನು ಮೀನಿನ ಬಕೆಟ್ ಹಿಡಿದುಕೊಂಡು ನೋಡಿ ಶಾಪ ಹಾಕಿ ಬರುತ್ತಿದ್ದೆ.

ಅವನು ಬಾಗಿಲು ತೆರೆಯುವ ಮೊದಲೇ ನಾನು ಇನ್ನೊಂದು ಸೀಟಿನಲ್ಲಿ ಕೂತಿದ್ದೆ.

"ಇಳಿ."

"ಇಳಿಯಲ್ಲ. ತಮ್ಮನ್ನ ಹೊಡೀಬೇಕು ಅಂದ್ರೆ ನನ್ನ ಕಣ್ಣೆದುರಿಗೇ ಹೊಡಿ."

ಕೋಟಿನ ಕಾಲರ್ ಹಿಡಿದು ಎಳೆದ. ನಾನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡೆ. ಗುಂಡಿಗಳು ಕಿತ್ತುಬಂದವು, ನಾನು ಬರಲಿಲ್ಲ. ಜೇಬಿನಿಂದ ಫೋನ್ ತೆಗೆಯುತ್ತಿದ್ದ ನನ್ನ ಕೈಯನ್ನು ತಿರುಚಿ ಅದನ್ನು ಕಸಿದು ಹಿಮದೊಳಕ್ಕೆ ಎಸೆದ. "ಸಾಯಿ ಹಾಗಾದ್ರೆ" ಎಂದು ಕಾರು ಹೊರಡಿಸಿದ. ಅರವತ್ತೆಂಟರ ಹೆಂಗಸಿನ ಮೇಲೆ ಕೈ ಮಾಡಿದವನು ನನ್ನ ಹೊಟ್ಟೆಯಲ್ಲಿ ಹುಟ್ಟಿದನಲ್ಲ ಎಂದು ನಾಚಿಕೆಯಾಯಿತು. ಹಾಗೆಂದು ಹೊಟ್ಟೆಗೆ ವಾಪಸ್ ಹಾಕಿಕೊಳ್ಳಲಾಗುತ್ತದೆಯೇ?

ಆ ವರ್ಷ ಸಮುದ್ರ ಚೆನ್ನಾಗಿ ಹೆಪ್ಪುಗಟ್ಟಿತ್ತು. ದ್ವೀಪದಿಂದ ದೊಡ್ಡ ನೆಲದವರೆಗೆ ಮಂಜುಗಡ್ಡೆಯ ಮೇಲೆ ದಾರಿ ತೆರೆದಿದ್ದರು. ಎರಡು ತುದಿಗೂ ಅಡ್ಡಗಂಬ, ಕಂಬಕ್ಕೊಬ್ಬ ಕಾವಲುಗಾರ. ಈ ತುದಿಯಲ್ಲಿ ನಮ್ಮ ನೆರೆಯ ಮುದುಕ ಎಂದೆಲ್. ಆ ತುದಿಯಲ್ಲಿ ಕೌಪೊ, ಅವನ ಗುಡಿಸಲೂ ಅಲ್ಲೇ ದಡದ ಮೇಲೆ. ದಾರಿ ಮುಗಿಯುವಲ್ಲಿ ಅವನು ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ನಿಂತೇ ಇರುತ್ತಾನೆ, ಹುಡುಕುವ ಕೆಲಸವೂ ಇಲ್ಲ.

ಎಂದೆಲ್ ಬಗ್ಗಿ ಕಿಟಕಿಯಲ್ಲಿ ಇಣುಕಿ ನನ್ನ ಹೆಸರು ಹಿಡಿದು ಕರೆದ. "ಏನ್ ಲೈನೆ, ಮಗ ಮೆರವಣಿಗೆ ಹೊರಡಿಸಿದಾನಾ? ಎಲ್ಲಿ, ಬೆಲ್ಟ್ ಬಿಚ್ಚಿ, ಬೆಲ್ಟ್."

ಮಂಜುಗಡ್ಡೆಗೆ ಇಳಿಯುವ ಯಾರಿಗೂ ಅವನು ಹೇಳುವ ಮಾತು ಅದು. ನಮ್ಮ ಮಕ್ಕಳಿಗೆ ನಡಿಗೆ ಬರುವ ಮೊದಲೇ ಅದು ಗೊತ್ತಿರುತ್ತದೆ. ನೆಲದ ಮೇಲೆ ಬೆಲ್ಟ್ ಪ್ರಾಣ ಉಳಿಸುತ್ತದೆ, ಸಮುದ್ರದ ಮೇಲೆ ಪ್ರಾಣ ತೆಗೆಯುತ್ತದೆ. ಮಂಜುಗಡ್ಡೆ ಒಡೆದರೆ ಬೆಲ್ಟ್ ಹಾಕಿಕೊಂಡವನು ಕಾರಿನ ಜೊತೆಗೇ ತಳಕ್ಕೆ. ತಾರ್ವೊ ಬಿಚ್ಚಿದ. ನಾನು ಹಾಕಿಕೊಂಡೇ ಇರಲಿಲ್ಲ.

"ಎಂದೆಲ್, ಕೌಪೊಗೆ ಫೋನ್ ಮಾಡು, ಒಳಗೆ ಹೋಗಿ ಬಾಗಿಲು..." ಎನ್ನುವಷ್ಟರಲ್ಲಿ ತಾರ್ವೊ ಪೆಡಲ್ ತುಳಿದ. ಹಿಂದಿನ ಚಕ್ರಗಳು ಅಲ್ಲೇ ಗಿರ್ರನೆ ತಿರುಗಿದವು. ಆಮೇಲೆ ಒಮ್ಮೆಲೇ ಹಿಡಿತ ಸಿಕ್ಕಿತು. ಅಡ್ಡಗಂಬ ಮುರಿದು ಅದರ ತುಂಡು ನಮ್ಮ ಗಾಜಿನ ಮೇಲೆ ಹಾರಿಹೋಯಿತು. ಎಂದೆಲ್ ಬೈದದ್ದು ಕೇಳಿಸಿತು. ಅಷ್ಟು ಕೆಟ್ಟ ಬೈಗುಳ ಅವನಿಗೆ ಗೊತ್ತಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಗಾಳಿ ಹಿಮವನ್ನೆಲ್ಲ ಗುಡಿಸಿ ದಾರಿಯನ್ನು ಗಾಜು ಮಾಡಿಟ್ಟಿತ್ತು. ಕಾರಿನ ಬಾಲ ಎಡಕ್ಕೆ ಹೋದರೆ ಅವನು ಸ್ಟೀರಿಂಗನ್ನು ಎಡಕ್ಕೇ ತಿರುಗಿಸುವನು, ಬಲಕ್ಕೆ ಹೋದರೆ ಬಲಕ್ಕೆ. ಕಾಲು ಮಾತ್ರ ತೆಗೆಯುತ್ತಿರಲಿಲ್ಲ. ದಾರಿಯ ಗುರುತಿಗೆ ನೆಟ್ಟ ಕೊಂಬೆಗಳು ಪಟಪಟ ಹಿಂದೆ ಓಡುತ್ತಿದ್ದವು. ಮುಂದೆ ಒಂದು ಮೀನಿನ ವ್ಯಾನು ಹೋಗುತ್ತಿತ್ತು. ಆ ದಾರಿಯಲ್ಲಿ ಯಾರನ್ನೂ ಹಿಂದೆ ಹಾಕುವಂತಿಲ್ಲ. ಇವನು ಹಾಕಿದ. ಬಾಲ ಬೀಸಿ ವ್ಯಾನಿನ ಪಕ್ಕೆಗೆ ಬಡಿಯಿತು, ಅದರ ಕನ್ನಡಿ ಕಿತ್ತು ನಮ್ಮ ಛಾವಣಿಯ ಮೇಲೆ ಉರುಳಿತು. ಕಾರಿನ ಕೆಳಗೆ ಮಂಜುಗಡ್ಡೆ ನರಳುತ್ತಿತ್ತು.

"ಮೊದಲು ಮಂಡಿಗೆ ಹೊಡೀತೀನಿ" ಎಂದ ತಾರ್ವೊ. ದನಿ ತಣ್ಣಗಿತ್ತು. "ಬಿದ್ದು ಕೂಗ್ಲಿ. ಮೆರ್ಲೆ ಹೊರಗೆ ಓಡಿ ಬರ್ಲಿ. ಅವಳು ನೋಡ್ತಿರೋವಾಗ ಹೊಟ್ಟೆಗೆ."

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣೋ."

"ಮೂಗು ಕೊಯ್ದಿದ್ದು ಅವನು. ಅವನಿಗೆ ಈಜು ಕಲಿಸಿದ್ದು ನಾನು, ಗೊತ್ತಾ? ಹೆಗಲ ಮೇಲೆ ಕೂರಿಸ್ಕೊಂಡು." ಅವನ ಮುಖ ಒದ್ದೆಯಾಗಿತ್ತು. "ಯಾವಾಗ್ಲೂ ಅವನ ಪರ ನೀನು. ಹೆತ್ತವಳಿಗೆ ಹೆಗ್ಗಣ ಮುದ್ದು."

"ನೀನೂ ಹೆಗ್ಗಣಾನೇ. ನೀನೂ ಮುದ್ದೇ."

ಅವನು ನಗಲಿಲ್ಲ. ಅವನ ಮುಖ ನೋಡಿದೆ. ಬೆದರಿಸುವವನ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು, ಅವನಪ್ಪ ಜೀವನವೆಲ್ಲ ಬೆದರಿಸಿದ. ಇದು ಆ ಮುಖವಲ್ಲ. ಹಂದಿಯನ್ನು ಗುರಿ ಹಿಡಿದಾಗ ಉಸಿರು ಕಟ್ಟುತ್ತಾರಲ್ಲ, ಆ ಮುಖ.

ದೊಡ್ಡ ನೆಲದ ಮರಗಳು ಕಂಡವು. ಮರಗಳ ಕೆಳಗೆ ಒಂದು ಕಿತ್ತಳೆ ಚುಕ್ಕೆ. ಎಂದೆಲ್ ಫೋನ್ ಮಾಡಿರಬೇಕು, ನಿನ್ನಣ್ಣ ಕಂಬ ಮುರಿದು ಬರುತ್ತಿದ್ದಾನೆ ಎಂದು. ಬುದ್ಧಿಯಿದ್ದವನು ಗುಡಿಸಲೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಆ ದಡ್ಡ ದಾರಿಯ ನಡುವೆ ನಿಂತು ಎರಡೂ ಕೈ ಎತ್ತಿದ್ದ.

ನನಗೆ ಉಳಿದಿದ್ದು ಒಂದೇ ಉಪಾಯ. ದಡದ ಹತ್ತಿರ ದಾರಿಯ ಎರಡೂ ಕಡೆ ಸರಿಸಿದ ಹಿಮದ ದಿಬ್ಬವಿತ್ತು. ನಮ್ಮಿಬ್ಬರ ನಡುವೆ ಹ್ಯಾಂಡ್‌ಬ್ರೇಕ್ ಇತ್ತು. ಎಳೆದರೆ ಕಾರು ತಿರುಗಿ ದಿಬ್ಬಕ್ಕೆ ಬಡಿಯುತ್ತದೆ, ಕೌಪೊ ಓಡಲು ಹೊತ್ತು ಸಿಗುತ್ತದೆ. ಆದರೆ ಆ ವೇಗದಲ್ಲಿ ಬಡಿದರೆ ತಾರ್ವೊನ ತಲೆ ಗಾಜಿಗೆ ಹೋಗುತ್ತದೆ. ಒಬ್ಬನನ್ನು ಉಳಿಸಲು ಇನ್ನೊಬ್ಬನ ತಲೆ ಒಡೆಯುವುದಾದರೆ ನಾನು ಕಾರು ಹತ್ತಿದ್ದು ಯಾಕೆ?

ಅವನ ಎದೆಯ ಮೇಲೆ ಹಾಯ್ದು, ಅವನ ಎಡಹೆಗಲ ಆಚೆಯಿಂದ ಬೆಲ್ಟನ್ನು ಎಳೆದೆ.

"ಏನ್ ಮಾಡ್ತಿದ್ದೀಯಾ?" ಬೆಲ್ಟ್ ಹೊಟ್ಟೆಗೆ ತಾಗಿದ್ದೇ ಅವನು ಕಿರುಚಿದ. "ಬೆಲ್ಟಾ? ಮಂಜಿನ ಮೇಲೆ? ಅಮ್ಮಾ! ನನ್ನ ಮುಳುಗಿಸ್ತೀಯಾ?"

ದ್ವೀಪದಲ್ಲಿ ಹುಟ್ಟಿದವನಿಗೆ ಅದಕ್ಕೆ ಬೇರೆ ಅರ್ಥವೇ ಇಲ್ಲ. ಅವನು ಕಿರುಚುವವರೆಗೂ ಅದು ನನಗೆ ಹೊಳೆದೇ ಇರಲಿಲ್ಲ. ಹೇಳಲು ಬಾಯಿ ತೆರೆದೆ, ಅವನ ಮೊಣಕೈ ನನ್ನ ದವಡೆಗೆ ಬಿತ್ತು. ಮೂಳೆ ಮುರಿದ ಸದ್ದು ಕಿವಿಯೊಳಗೇ ಕೇಳಿಸಿತು. ಇನ್ನೊಂದು ಏಟು ಮೂಗಿಗೆ. ಬಾಯಿ ತುಂಬ ಹಲ್ಲು, ರಕ್ತ. ನಾನು ಬಿಡಲಿಲ್ಲ. ಅವನ ಕೈ ಕಚ್ಚಬೇಕೆಂದುಕೊಂಡೆ, ದವಡೆ ಮುಚ್ಚಲಿಲ್ಲ. ತಲೆಯಿಂದ ಅವನ ಪಕ್ಕೆಗೆ ಗುದ್ದಿ ಬೆಲ್ಟಿನ ನಾಲಗೆಯನ್ನು ಕೊಂಡಿಗೆ ತುರುಕಿದೆ. ಕ್ಲಿಕ್ ಎಂದಿತು. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದೆ.

ಆಕಾಶ, ಮರ, ಕೌಪೊ, ಮತ್ತೆ ಆಕಾಶ. ಮಂಜುಗಡ್ಡೆಯ ದಾರಿಯಲ್ಲಿ ಬಾಗಿಲನ್ನು ಯಾರೂ ಗಟ್ಟಿಯಾಗಿ ಹಾಕುವುದಿಲ್ಲ. ನನ್ನ ಕಡೆಯ ಬಾಗಿಲು ತೆರೆದುಕೊಂಡು ನನ್ನನ್ನು ಉಗುಳಿತು. ಸೊಂಟ ಬಡಿದು ಜಾರುತ್ತಾ ಹೋದೆ. ಕಾರು ದಿಬ್ಬಕ್ಕೆ ಹೋಗಲಿಲ್ಲ. ದಿಬ್ಬವಿಲ್ಲದ ಸಂದಿನಲ್ಲಿ ಹಿಮ್ಮುಖವಾಗಿ ನುಗ್ಗಿತು. ದಡದ ಅಂಚಿನಲ್ಲಿ ಮಂಜುಗಡ್ಡೆ ಬಿರುಕು ಬಿಟ್ಟಿರುತ್ತದೆ, ದಾರಿಯಲ್ಲಿ ಅದರ ಮೇಲೆ ಹಲಗೆ ಹಾಸಿರುತ್ತಾರೆ. ಕಾರು ಹೋದ ಕಡೆ ಹಲಗೆ ಇರಲಿಲ್ಲ. ಜಲ್ಲಿ ಚೀಲ ಹೊತ್ತ ಬಾಲ ಮೊದಲು ಇಳಿಯಿತು.

ನೀರು ನಿಂತವನ ಎದೆಯ ಮಟ್ಟ. ಆದರೆ ಆ ತಗ್ಗು ಕಾರಿನಲ್ಲಿ ಕೂತವನಿಗೆ ಅದು ತಲೆಯ ಮೇಲೆ. ಗಾಜಿನಾಚೆ ತಾರ್ವೊ ಬೆಲ್ಟನ್ನು ಕಿತ್ತು ಎಳೆಯುತ್ತಿದ್ದ. ಎಳೆದಷ್ಟೂ ಅದು ಬಿಗಿಯುತ್ತಿತ್ತು. ಕೊಂಡಿಗೆ ಅವನ ಕೈ ಸಿಗಲಿಲ್ಲ. ನೀರು ಕತ್ತಿಗೆ ಬಂತು, ಬಾಯಿಗೆ ಬಂತು. ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಅವನ ಮುಖ ಕಾಣಲಿಲ್ಲ. ನಾನು ಮೊಣಕೈ ಊರಿ ತೆವಳಿದೆ. ದೇವರೇ, ನನ್ನ ಕೈಯಿಂದಲೇ, ನನ್ನ ಈ ಕೈಯಿಂದಲೇ ಎಂದು ಕೂಗಿದ್ದು ಬರೀ ರಕ್ತದ ಗುಳ್ಳೆಯಾಯಿತು.

ಕೌಪೊ ನನ್ನನ್ನು ದಾಟಿ ಓಡಿದ. ಬಲೆ ಕತ್ತರಿಸುವ ಚೂರಿ ಕೈಯಲ್ಲಿತ್ತು. ನೀರಿಗೆ ಹಾರಿ, ಕಿಟಕಿಯ ಗಾಜನ್ನು ಚೂರಿಯ ಹಿಡಿಯಿಂದ ಒಡೆದು, ತಲೆ ಹೆಗಲು ಎರಡನ್ನೂ ಒಳಗೆ ತೂರಿಸಿದ. ಹೊರಗೆ ಬರೀ ಅವನ ಕಾಲು ಒದ್ದಾಡುತ್ತಿತ್ತು. ನೀರು ಕೆಂಪಾಯಿತು. ಯಾರ ರಕ್ತವೆಂದು ತಿಳಿಯಲಿಲ್ಲ, ಯಾರದ್ದಾದರೂ ನನ್ನದೇ. ಕೊನೆಗೆ ಅಣ್ಣನ ಕೂದಲು ಹಿಡಿದು ಎಳೆದು ತಂದ. ಬೆಲ್ಟ್ ಕತ್ತರಿಸುವಾಗ ತಾರ್ವೊನ ಎದೆಯೂ ಸೀಳಿತ್ತು.

ಮಂಜುಗಡ್ಡೆಯ ಮೇಲೆ ಹಾಕಿ ಹೊಟ್ಟೆ ಒತ್ತಿದ. ತಾರ್ವೊ ಸಮುದ್ರವನ್ನೆಲ್ಲ ಕಾರಿದ. ಕಣ್ಣು ತೆರೆದವನೇ ತಮ್ಮನ ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ. ಮೂರನೆಯದಕ್ಕೆ ಕೈ ಏಳಲಿಲ್ಲ. ಕೌಪೊ ತುಟಿಯ ರಕ್ತ ಉಗಿದು, "ಆಯ್ತಾ? ಇನ್ನೂ ಇದೆಯಾ?" ಎಂದ.

"ಬೆಲ್ಟ್" ಎಂದ ತಾರ್ವೊ. ಹಲ್ಲು ಕಟಕಟ ಎನ್ನುತ್ತಿದ್ದವು. "ನಾನ್ ಹಾಕ್ಕೊಂಡಿದ್ದಲ್ಲ. ಅಮ್ಮ ಹಾಕಿದ್ದು."

"ಮಂಜಿನ ಮೇಲಾ?"

"ಮಂಜಿನ ಮೇಲೆ. ಹಾಕಿ ಬ್ರೇಕ್ ಎಳೆದ್ಲು."

ಕೌಪೊ ತಿರುಗಿ ನನ್ನನ್ನು ನೋಡಿದ. ನಾನು ಮಾತಾಡಲು ನೋಡಿದೆ. ದವಡೆ ಜೋತಾಡುತ್ತಿತ್ತು.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿ ಬಾಯಿ ಮುಚ್ಚಿಟ್ಟರು. ಕೌಪೊ ಒಂದು ಸಲ ಬಂದ. ಪೊಲೀಸರಿಗೆ ಕಾರು ಜಾರಿತು ಎಂದಷ್ಟೇ ಹೇಳಿದ್ದನಂತೆ. ಮಂಚದ ಪಕ್ಕ ನಿಂತೇ ಮಾತಾಡಿದ. "ಬಂದೂಕು ಇತ್ತು, ಗೊತ್ತು. ಕೂಗಾಡ್ತಿದ್ದ, ಆಕಾಶಕ್ಕೆ ಒಂದು ಗುಂಡು ಹಾರಿಸ್ತಿದ್ದ, ಮನೆಗೆ ಹೋಗ್ತಿದ್ದ. ಅಣ್ಣ ನನ್ನ ಹೊಡೀತಿರ್ಲಿಲ್ಲ ಕಣಮ್ಮಾ. ನನಗೋಸ್ಕರ ಅವನ್ನ ಮುಳುಗಿಸೋಕೆ ಹೋದ್ಯಲ್ಲ, ನೀನೆಂಥ ತಾಯಿ?"

ಇರಬಹುದು, ಹೊಡೆಯುತ್ತಿರಲಿಲ್ಲವೇನೋ. ಆ ಮುಖ ನೋಡಿದವಳು ನಾನೊಬ್ಬಳೇ.

ಮೇ ತಿಂಗಳಲ್ಲಿ ಇಬ್ಬರೂ ಒಂದೇ ಗಾಡಿಯಲ್ಲಿ ಬಂದರು. ಒಂದು ಲೋಡು ಸೌದೆ ಇಳಿಸಿದರು. ಒಳಗೆ ಬರಲಿಲ್ಲ. ಒಬ್ಬ ಒಡೆದ, ಒಬ್ಬ ಪೇರಿಸಿದ. ನಡುವೆ ಕೌಪೊ ಏನೋ ಹೇಳಿದ, ತಾರ್ವೊ ಮನೆಯ ಕಡೆ ಕಣ್ಣು ಹಾಯಿಸಿ ನೆಲಕ್ಕೆ ಉಗಿದ. ಮೆರ್ಲೆಯ ಮಾತು ಅವರ ನಡುವೆ ಮುಗಿದಿರಲಿಲ್ಲ, ಅದು ಮುಗಿಯುವಂಥದ್ದಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ಸಿಕ್ಕಿತ್ತು ಅವರಿಗೆ.

ಅಷ್ಟರಲ್ಲಿ ನನ್ನ ದವಡೆಯ ತಂತಿ ಬಿಚ್ಚಿದ್ದರು. ಬಾಗಿಲ ಚಿಲಕದ ಮೇಲೆ ಕೈಯಿಟ್ಟೆ. ಬೆಲ್ಟ್ ಹಾಕಿದ್ದು ನಿನ್ನ ತಲೆ ಉಳೀಲಿ ಅಂತ ಕಣೋ ಎಂದು ಒಂದೇ ಒಂದು ಮಾತು ಕೂಗಿದರೆ ಸಾಕಿತ್ತು. ತಾರ್ವೊ ಸಿಟ್ಟಿನವನೇ ಹೊರತು ಕಲ್ಲಲ್ಲ, ನಂಬುತ್ತಿದ್ದ. ನಂಬಿದರೆ ನನ್ನ ಮೇಲಿನ ಸಿಟ್ಟು ಇಳಿಯುತ್ತದೆ. ಇಳಿದ ಸಿಟ್ಟು ಎಲ್ಲಿಗೆ ಹೋಗುತ್ತದೆ? ಪಕ್ಕದಲ್ಲೇ ತಮ್ಮ ಬಗ್ಗಿ ಸೌದೆ ಪೇರಿಸುತ್ತಿದ್ದಾನೆ, ಅಣ್ಣನ ಕೈಯಲ್ಲಿ ಕೊಡಲಿಯಿದೆ.

ಚಿಲಕದಿಂದ ಕೈ ತೆಗೆದು ಒಲೆಯ ಮೇಲೆ ಗಂಜಿಗೆ ಇಟ್ಟೆ.