ದೊಡ್ಡವಳು ಬರುವ ದಿನ

ಆಕೆ ಬರುವುದಕ್ಕೆ ಮುಂಚೆ ಆಕೆಯ ಕೆಮ್ಮು ಬರುತ್ತಿತ್ತು. ಅದು ನೆಗಡಿಯದಲ್ಲ, ರೋಗದ್ದೂ ಅಲ್ಲ; ಶಾಲೆಯ ಮೆಟ್ಟಿಲ ಕೆಳಗಿನ ಮಬ್ಬಿನಲ್ಲೋ, ಕೈತೊಳೆಯುವ ನಲ್ಲಿಗಳ ಹಿಂದೆಯೋ ಮಗುವೊಂದು ಅಳುತ್ತಾ ನಿಂತಿದ್ದರೆ ಅದಕ್ಕೆ ಕಣ್ಣೊರೆಸಿಕೊಳ್ಳಲು ಬಿಡುವು ಸಿಗಲೆಂದು ದೂರದಿಂದಲೇ ಗಂಟಲು ಸರಿಮಾಡಿಕೊಳ್ಳುವ, ಬೇಕೆಂದೇ ಬೆಳೆಸಿಕೊಂಡ ಅಭ್ಯಾಸ. ಮಕ್ಕಳು ‘ಕೆಮ್ಮು ಮೇಡಂ’ ಎಂದು ಹೆಸರಿಟ್ಟಿದ್ದರು. ಕೋಣೆಯ ಬಾಗಿಲ ಮೇಲೆ ‘ಆಪ್ತಸಮಾಲೋಚಕಿ’ ಎಂಬ ಫಲಕವಿತ್ತಾದರೂ ಅಷ್ಟುದ್ದದ ಪದವನ್ನು ಪೂರ್ತಿ ಉಚ್ಚರಿಸುವ ವ್ಯವಧಾನ ಆ ಶಾಲೆಯಲ್ಲಿ ಯಾರಿಗೂ ಇರಲಿಲ್ಲ. ಮೈಗಿಂತ ದೊಡ್ಡದಾದ ಬೂದುಬಣ್ಣದ ಕೋಟು, ಗೋಡೆಗೆ ಭುಜ ತಾಗುವಷ್ಟು ಪಕ್ಕಕ್ಕೆ ಸರಿದು ನಡೆಯುವ ನಡಿಗೆ. ಕೇಳದೆ ಯಾರದೋ ಮನೆಯೊಳಗೆ ಬಂದುಬಿಟ್ಟವರ ಸಂಕೋಚ ಮುಖದಲ್ಲಿ ಸದಾ ಇರುತ್ತಿತ್ತು.

ಮುಖ್ಯೋಪಾಧ್ಯಾಯರ ದೃಷ್ಟಿಯಲ್ಲಿ ಆಕೆಯ ಉದ್ಯೋಗ ಬಹು ಸರಳವಾದದ್ದು. ತಂಟೆ ಮಾಡಿದ ಹುಡುಗನನ್ನು ರಟ್ಟೆ ಹಿಡಿದು ತಂದು ನಿಲ್ಲಿಸಿ, “ಸ್ವಲ್ಪ ಬುದ್ಧಿ ಹೇಳಿ ಕಳಿಸಿ ಮೇಡಂ,” ಎನ್ನುತ್ತಿದ್ದರು.

“ಬುದ್ಧಿ ಹೇಳೋಕೆ ಇಡೀ ಊರೇ ಇದೆ ಸರ್. ಕೇಳಿಸ್ಕೊಳ್ಳೋಕೆ ನಾನೊಬ್ಬಳಾದ್ರೂ ಇರ್ತೀನಿ ಬಿಡಿ,” ಎಂದು ಆಕೆ ಬಾಗಿಲು ಮುಂದಕ್ಕೆಳೆಯುತ್ತಿದ್ದರು.

ಒಳಗೆ ಬಂದ ಪ್ರತಿ ಮಗುವಿಗೂ ಮೊದಲು ಹೇಳುತ್ತಿದ್ದ ಮಾತು ಒಂದೇ. “ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ. ನಿನ್ನ ಜೀವಕ್ಕೇ ಏನಾದ್ರೂ ಆಗಬಹುದು ಅನ್ನಿಸಿದ್ರೆ ಮಾತ್ರ ಹೊರಗೆ ಹೇಳ್ತೀನಿ. ಅದಕ್ಕೂ ಮುಂಚೆ ನಿಂಗೆ ತಿಳಿಸ್ತೀನಿ.” ಆಮೇಲೆ ಕೇಳುತ್ತಿದ್ದರು: “ಇವತ್ತು ನಿನ್ನನ್ನ ಏನಂತ ಕರೀಲಿ?” ಹಾಜರಿಯ ಹೆಸರು ಹೊರಗೇ ಉಳಿಯುತ್ತಿತ್ತು. ಒಬ್ಬ ಹುಲಿಯಾಗುತ್ತಿದ್ದ, ಇನ್ನೊಬ್ಬಳು ಡಾಕ್ಟರಾಗುತ್ತಿದ್ದಳು, ಸಿಟ್ಟಿನಲ್ಲಿದ್ದವರು “ಏನೂ ಬೇಡ” ಎನ್ನುತ್ತಿದ್ದರು. ಆಕೆ ಅದನ್ನೇ ಹೆಸರೆಂದು ಒಪ್ಪಿ, “ಸರಿ, ಏನೂಬೇಡ ಅವರೇ, ಕೂತ್ಕೊಳ್ಳಿ,” ಎಂದು ನಗಿಸುತ್ತಿದ್ದರು.

ಏಳನೇ ತರಗತಿಯ ಆ ಹುಡುಗಿ ಮಾತ್ರ ನಗಲಿಲ್ಲ. ಬಲಗೈಯಲ್ಲಿ ಬರೆಯುವವಳು ಕೆಲವು ದಿನ ಎಡಗೈಯಲ್ಲಿ ಬರೆಯತೊಡಗಿದ್ದಾಳೆಂದು ತರಗತಿಯ ಶಿಕ್ಷಕಿ ಅವಳನ್ನು ಕಳಿಸಿದ್ದರು. ಏನಂತ ಕರೆಯಲಿ ಎಂದು ಕೇಳಿದಾಗ ಹುಡುಗಿ ಕ್ಷಣಕಾಲ ಲೆಕ್ಕ ಹಾಕುವವಳಂತೆ ಕಿಟಕಿಯತ್ತ ನೋಡಿದಳು.

“ಇವತ್ತಾ? ಇವತ್ತು ನಾನು ಅಕ್ಕ.”

ಅಕ್ಕ ತೀರಿಕೊಂಡು ವರ್ಷಗಳಾಗಿದ್ದವು. ಜ್ವರ ಬಂದು ಮಲಗಿದವಳು ಏಳಲಿಲ್ಲ. ಅಂದಿನಿಂದ ತಾಯಿ ಸರಿಯಾಗಿ ಉಣ್ಣುತ್ತಿರಲಿಲ್ಲ, ಮಾತು ನಿಂತಿತ್ತು. ಒಂದು ಬೆಳಿಗ್ಗೆ, ತನ್ನದು ಒಗೆಯಲು ಹೋಗಿದ್ದರಿಂದ ಹುಡುಗಿ ಅಕ್ಕನ ಹಳೆಯ ಸ್ವೆಟರ್ ಹಾಕಿಕೊಂಡಳು. ಅದು ಅಳತೆ ಕೊಟ್ಟು ಹೆಣೆಸಿದಷ್ಟು ಸರಿಯಾಗಿ ಕೂತಿತು. ತಾಯಿ ತಿರುಗಿ ನೋಡಿ, ಅಕ್ಕನ ಹೆಸರು ಹಿಡಿದು ಕರೆದು, ನಕ್ಕು, ತಟ್ಟೆಯ ಮುಂದೆ ಕುಳಿತಳು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಅಕ್ಕ ಕ್ರಮೇಣ ಹೆಚ್ಚು ಹೆಚ್ಚು ದಿನ ಬರತೊಡಗಿದಳು. ಅಕ್ಕನದು ಎಡಗೈ.

“ನಿಂಗೆ ಕಷ್ಟ ಆಗಲ್ವಾ?”

“ಅಮ್ಮ ಊಟ ಮಾಡ್ತಾಳಲ್ಲ ಮೇಡಂ.”

ಎಷ್ಟೋ ಮಧ್ಯಾಹ್ನ ಹುಡುಗಿ ಅಕ್ಕನಾಗಿಯೇ ಬಂದು ಹರಟಿಹೋದ ಮೇಲೆ, ಸಮಾಲೋಚಕಿ ಒಂದು ದಿನ ಶಾಲೆ ಬಿಟ್ಟ ನಂತರ ಆ ಮನೆಗೆ ಹೋದರು. ಮೂರನೇ ಮಹಡಿ, ನೆಲ ಹೊಳೆಯುವಷ್ಟು ಒರೆಸಿದ, ಒಂದು ಚೂರೂ ಧೂಳಿಲ್ಲದ ಮನೆ. ತಾಯಿ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ ಬನ್ನಿ ಮೇಡಂ. ಚಿಕ್ಕವಳು ಮಲಗಿದಾಳೆ.”

ಚಿಕ್ಕವಳು ಅಕ್ಕನ ಸ್ವೆಟರ್ ತೊಟ್ಟು ಎದುರಿನ ಕುರ್ಚಿಯಲ್ಲೇ ಕುಳಿತು ಎಡಗೈಯಲ್ಲಿ ಚಿತ್ರ ಬಿಡಿಸುತ್ತಿದ್ದಳು. ಒಳಕೋಣೆಯ ಹಾಸಿಗೆಯ ಮೇಲೆ, ಕಂಬಳಿಯ ಕೆಳಗೆ ಉದ್ದಕ್ಕೆ ಜೋಡಿಸಿದ ದಿಂಬುಗಳು. ತಾಯಿ ಹೋಗಿ ಕಂಬಳಿಯನ್ನು ಇನ್ನಷ್ಟು ಮೇಲಕ್ಕೆಳೆದು, ಮೃದುವಾಗಿ ತಟ್ಟಿ ಬಂದಳು. ಆದರೆ ಸಮಾಲೋಚಕಿಯನ್ನು ನಿಜಕ್ಕೂ ಹೆದರಿಸಿದ್ದು ಆ ದಿಂಬುಗಳಲ್ಲ. ತಾನು ಆಗಲೇ ಹೆಜ್ಜೆಯ ಸದ್ದಾಗದಂತೆ ತುದಿಗಾಲಲ್ಲಿ ನಡೆದಿದ್ದೇನೆ, ಆ ಬಾಗಿಲಲ್ಲಿ ಕೆಮ್ಮಲಿಲ್ಲ, ಅರ್ಧ ಗಂಟೆಯಿಂದ ಪಿಸುಮಾತಿನಲ್ಲೇ ಮಾತಾಡುತ್ತಿದ್ದೇನೆ ಎಂಬುದು ಹೊಳೆದಾಗ ಆಕೆಗೆ ಭಯವಾಯಿತು.

ಮರುದಿನ ಹುಡುಗಿ ತಾನಾಗಿಯೇ ಕೋಣೆಗೆ ಬಂದು, ಬಸ್ಸು ಯಾವಾಗ ಬರುತ್ತದೆಂದು ಕೇಳುವಷ್ಟು ಸಹಜವಾಗಿ ಕೇಳಿದಳು: “ಅಕ್ಕ ಹೋದಾಗ ಅವಳಿಗೆ ಹದಿಮೂರು. ನಂಗೂ ಮುಂದಿನ ತಿಂಗಳು ಹದಿಮೂರು. ಆಮೇಲೆ ನಾನೂ ಹೋಗ್ಬೇಕಲ್ವಾ?”

ಸಮಾಲೋಚಕಿ ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. “ಇದನ್ನ ನಾನು ಹೊರಗೆ ಹೇಳ್ತೀನಿ ಕಣಮ್ಮ. ಮೊದಲ ದಿನವೇ ಹೇಳಿದ್ನಲ್ಲ. ನಿಂಗೆ ಕೋಪ ಬಂದ್ರೂ ಸರಿ.”

“ತಂಗಿಗೆ ಕೋಪ ಬರಲ್ಲ,” ಎಂದಳು ಹುಡುಗಿ; ದನಿ ಒಂದು ಮೆಟ್ಟಿಲು ಕೆಳಗಿಳಿದಿತ್ತು. “ನಂಗೆ ಬರತ್ತೆ.”

ಆ ಮಧ್ಯಾಹ್ನವೇ ತಂದೆಯನ್ನು ಕರೆಸಿದರು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಕೈಯ ಗ್ರೀಸ್ ಒರೆಸುತ್ತಾ ಮಕ್ಕಳ ಕುರ್ಚಿಯಲ್ಲಿ ಮುದುರಿ ಕುಳಿತ. ಎಲ್ಲವನ್ನೂ ಕೇಳಿಸಿಕೊಂಡು, “ನನ್ನ ಹೆಂಡತಿ ಈಗೀಗ ನಗ್ತಿದಾಳೆ ಮೇಡಂ. ಅದನ್ನೂ ಕಿತ್ಕೊಳ್ಳಿ ಅಂತೀರಾ?” ಎಂದ.

ಆಕೆ ವಾದಿಸಲಿಲ್ಲ. “ಚಿಕ್ಕ ಮಗಳನ್ನ ನೀವು ಕೊನೇ ಸಲ ನೋಡಿದ್ದು ಯಾವತ್ತು?” ಎಂದು ಕೇಳಿದರು.

ಆತ ಬೆರಳು ಮಡಚುತ್ತಾ ದಿನ ಎಣಿಸತೊಡಗಿದ. ಎರಡೂ ಕೈಯ ಬೆರಳು ಮುಗಿದರೂ ಎಣಿಕೆ ಮುಗಿಯಲಿಲ್ಲ.

ಹುಡುಗಿಯನ್ನು ಚಿಕ್ಕಮ್ಮನ ಮನೆಗೆ ಕಳಿಸಲಾಯಿತು. ಅವಳಿಗೂ ತಾಯಿಗೂ ಆಸ್ಪತ್ರೆಯಲ್ಲಿ ಮನೋವೈದ್ಯರ ಚಿಕಿತ್ಸೆ ಶುರುವಾಯಿತು. ಮುಖ್ಯೋಪಾಧ್ಯಾಯರು, “ಮನೆ ವಿಷಯಕ್ಕೆಲ್ಲಾ ನಾವ್ಯಾಕೆ ತಲೆ ಹಾಕ್ಬೇಕಿತ್ತು?” ಎಂದು ಗೊಣಗಿದರು. ಒಂದು ದಿನ ತಾಯಿ ಶಾಲೆಯ ಗೇಟಿನ ಬಳಿ ಕಾದಿದ್ದು, ಸಮಾಲೋಚಕಿಯ ಮಣಿಕಟ್ಟು ಹಿಡಿದು, ಏರದ ದನಿಯಲ್ಲಿ ಹೇಳಿದಳು: “ನನ್ನ ದೊಡ್ಡ ಮಗಳನ್ನ ಕೊಂದವರು ನೀವು. ಜ್ವರ ಅಲ್ಲ.” ಆಕೆ ಕೈ ಬಿಡಿಸಿಕೊಳ್ಳಲಿಲ್ಲ, ತಾಯಿ ತಾನಾಗಿ ಬಿಡುವ ತನಕ ನಿಂತಿದ್ದರು.

ಹುಡುಗಿಗೆ ಹದಿಮೂರು ತುಂಬಿತು, ಹದಿನಾಲ್ಕೂ ತುಂಬಿತು. ತಾಯಿಯ ಮನೆಗೆ ಮರಳಿದಾಗ ಅವಳು ಬೆಳೆದುಬಿಟ್ಟಿದ್ದಳು, ಅಕ್ಕ ಎಂದೂ ಮುಟ್ಟದಿದ್ದ ಎತ್ತರಕ್ಕೆ. ತಾಯಿ ಅವಳದೇ ಹೆಸರು ಹಿಡಿದು ಕರೆಯುತ್ತಾಳೆ; ಕರೆದು ಕೆಲವೊಮ್ಮೆ ಅಳುತ್ತಾಳೆ, ಅತ್ತು ಊಟ ಮಾಡುತ್ತಾಳೆ. ಗೆಳತಿಯರ ಗುಂಪಿನಲ್ಲಿ ಕಿಲಕಿಲನೆ ನಗುತ್ತಾ ಸಾಗುವ ಹುಡುಗಿ ಸಮಾಲೋಚಕಿಯನ್ನು ಕಂಡರೆ ಕಣ್ಣು ತಪ್ಪಿಸುತ್ತಾಳೆ. ಆಕೆಗೆ ಅದರ ಬೇಸರವಿಲ್ಲ. ಬೇಸರ ಬೇರೆಯದು, ಯಾರೊಡನೆಯೂ ಹೇಳಿಕೊಳ್ಳುವಂಥದ್ದಲ್ಲ. ದಿಟ್ಟ ದನಿಯ, ಬೇಗ ಸಿಟ್ಟಾಗುವ, ಎಡಗೈಯಲ್ಲಿ ಹಕ್ಕಿಗಳನ್ನು ಬಿಡಿಸುತ್ತಿದ್ದ ಆ ಇನ್ನೊಬ್ಬಳು, ಆ ಅಕ್ಕ, ಎಷ್ಟೋ ಮಧ್ಯಾಹ್ನ ಆಕೆಯೆದುರು ಕುಳಿತು ಹರಟಿದ್ದಳಲ್ಲ. ಅವಳ ನೆನಪು ಕಾಡುತ್ತದೆ.

ಸತ್ತವರನ್ನು ಸತ್ತರೆಂದು ಒಪ್ಪುವುದು ಕೆಲವು ಮನೆಗಳಿಗೆ ತಮ್ಮಷ್ಟಕ್ಕೆ ಆಗದ ಕೆಲಸ. ಆಗ ಹೊರಗಿನವರೊಬ್ಬರು ಬಂದು ಆ ಮಾತನ್ನು ಜೋರಾಗಿ ಆಡಬೇಕಾಗುತ್ತದೆ. ಆಡಿದವರಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ, ಆಡಿದ್ದಕ್ಕೆ ಯಾರೂ ಕೈಮುಗಿಯುವುದೂ ಇಲ್ಲ. ಇಂಥವರು ಬದುಕಿರುವ ಮಕ್ಕಳನ್ನು ಅವರವರ ಮನೆಗೆ ಒಪ್ಪಿಸಿ ಬರುತ್ತಾರೆ. ಮನೆಯವರು ಬಿಟ್ಟುಕೊಟ್ಟ ಸತ್ತವರು ಮಾತ್ರ, ಹೋಗಲು ಬೇರೆಲ್ಲೂ ಜಾಗವಿಲ್ಲದೆ, ಇವರ ಹಿಂದೆಯೇ ಎದ್ದು ಬಂದುಬಿಡುತ್ತಾರೆ.