ದರ್ಜಿಯ ಹೆಂಡತಿಗೊಂದು ಪ್ಯಾಡಲ್ ಬೋರ್ಡು

ಹೆಂಗಸರ ಬಟ್ಟೆ ಹೊಲಿಯುವ ಆ ದರ್ಜಿಗೆ ಒಂದು ಅಭ್ಯಾಸವಿತ್ತು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಇದ್ದದ್ದಕ್ಕಿಂತ ಎರಡಿಂಚು ಕಡಿಮೆ ಮಾಡಿ ಗಟ್ಟಿಯಾಗಿ ಕೂಗುತ್ತಿದ್ದ. ಒಳಗೆ ಕತ್ತರಿ ಹಿಡಿದು ಕೂತ ಹೆಂಡತಿ ಆ ಎರಡಿಂಚನ್ನು ತಾನೇ ಸೇರಿಸಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು. ಗಿರಾಕಿಗೂ ಖುಷಿ, ಬಟ್ಟೆಯೂ ಮೈಗೆ ಸರಿಯಾಗಿ ಕೂರುತ್ತಿತ್ತು. ಇದರಲ್ಲಿ ಯಾರಿಗೇನು ನಷ್ಟ ಹೇಳಿ? ಮದುವೆಯಾದಾಗಿನಿಂದ ಅಂಗಡಿ ನಡೆದದ್ದೇ ಹೀಗೆ.

ಆ ಹೆಂಡತಿಗೆ ಈಗ ನೀರಿನ ಹುಚ್ಚು ಹಿಡಿದಿತ್ತು. ಊರಾಚೆಯ ಕೆರೆಯಲ್ಲಿ ಯಾರೋ ಹೆಂಗಸು ಗಾಳಿ ತುಂಬಿದ ಪ್ಯಾಡಲ್ ಬೋರ್ಡಿನ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ಸಾಗುವುದನ್ನು ನೋಡಿ ಬಂದವಳು ತನಗೂ ಒಂದು ಬೇಕು ಅಂದಳು. ಇಷ್ಟು ವರ್ಷ ಕೂತು ಕೂತು ಸಾಕಾಗಿದೆಯಂತೆ, ಒಂದು ಸಲ ಹಾಗೆ ನಿಂತು ನೋಡಬೇಕಂತೆ. ದರ್ಜಿಗೆ ನೀರೆಂದರೆ ಜೀವ ಬಾಯಿಗೆ ಬರುತ್ತದೆ. ಆದರೂ ಒಪ್ಪಿದ. ಹೆಂಡತಿಯ ಗುಣ ಅವನಿಗೆ ಗೊತ್ತು. ಸೈಕಲ್ ಕಲಿಯಲು ಹೋಗಿ ಮೊದಲ ದಿನ ಬಿದ್ದವಳು ಮತ್ತೆ ಅತ್ತ ತಲೆಹಾಕಲಿಲ್ಲ. ಹಾಡು ಕಲಿಸುವಾಕೆ ನಕ್ಕಳೆಂದು ಬಾಯಿ ಮುಚ್ಚಿದವಳು ಈಗ ಮನೆಯಲ್ಲೂ ಗುನುಗುವುದಿಲ್ಲ. ಈ ಬೋರ್ಡೂ ಮೊದಲ ದಿನವೇ ಕೈಕೊಟ್ಟರೆ ಅವಳು ಇನ್ನು ಯಾವುದಕ್ಕೂ ಆಸೆಪಡಲಾರಳು ಎಂಬ ಭಯ ಅವನಿಗೆ ನೀರಿನ ಭಯಕ್ಕಿಂತ ದೊಡ್ಡದಾಗಿತ್ತು.

ಬೋರ್ಡು ಮಾರುವ ಅಂಗಡಿ ಕೆರೆಯ ದಂಡೆಯಲ್ಲೇ ಇತ್ತು. ನೀರಿಗೆ ಇಳಿಸಿ ನೋಡಿ ಆಮೇಲೆ ಕೊಳ್ಳಬಹುದಿತ್ತು. ಹೊಸಬರಿಗೆ ಆಗುವಂಥದ್ದು, ಹಗುರವಾದದ್ದು ಬೇಕೆಂದ ದರ್ಜಿ. ಮನೆ ಮೂರನೇ ಮಹಡಿ, ತನ್ನ ಬೆನ್ನು ಕೆಟ್ಟು ಕೂತಿದೆ, ಹೊರುವವಳು ಅವಳೇ. ಬೋರ್ಡಿನ ಒಳಗೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ದಾರ ಹೊಲಿದಿರುತ್ತಾರೆ, ಅದಕ್ಕೇ ಗಾಳಿ ತುಂಬಿದರೂ ಅದು ಬಲೂನಿನಂತೆ ಉಬ್ಬುವುದಿಲ್ಲ ಎಂದು ಅಂಗಡಿಯ ಹುಡುಗಿ ಹೇಳಿದ್ದೇ ತಡ, ದರ್ಜಿಗೆ ಮೈಮೇಲೆ ಬಂದಂತಾಯಿತು. ಯಾವ ದಾರ, ಎಂಥ ಹೊಲಿಗೆ, ಅಂಚಿಗೆ ಬರೀ ಅಂಟು ಹಾಕಿದ್ದಾರೋ ಹೇಗೆ ಎಂದು ಹುಡುಗಿಯ ತಲೆ ತಿಂದ. ಒಂದೊಂದನ್ನೂ ಮಗುಚಿ ಹಾಕಿ ಅಂಚನ್ನು ಉಗುರಿಂದ ಕೆರೆದು ನೋಡಿದ. ಹುಡುಗಿ ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ತಾನೂ ಒಂದು ಪ್ರಶ್ನೆ ಕೇಳಿದಳು. ಮೇಡಂ ತೂಕ ಎಷ್ಟು?

“ಐವತ್ತೆಂಟು,” ಎಂದ ದರ್ಜಿ, ಗಟ್ಟಿಯಾಗಿ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಹೆಂಗಸರ ಅಳತೆ ಕೇಳಿದರೆ ಅವನ ನಾಲಿಗೆ ಹೊರಳುವುದೇ ಹಾಗೆ. ಹುಡುಗಿ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಂಡತಿಯೋ, ಗೋಡೆಗೆ ಒರಗಿಸಿದ್ದ ಹುಟ್ಟುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಗಿರಾಕಿಯ ಜೊತೆ ವಾದ ಮಾಡಬಾರದೆಂದು ಹುಡುಗಿಗೆ ಯಾರೋ ಕಲಿಸಿದ್ದರೇನೋ, ಸುಮ್ಮನೆ ಹೋಗಿ ಅಂಗಡಿಯ ಅತಿ ಹಗುರದ, ತೆಳ್ಳನೆಯ ಬೋರ್ಡು ತಂದು ಗಾಳಿ ತುಂಬಿದಳು.

ಲೈಫ್ ಜಾಕೆಟ್ ತೊಟ್ಟ ಹೆಂಡತಿ ಸೊಂಟದಾಳದ ನೀರಿನಲ್ಲಿ ಮೊದಲು ಬೋರ್ಡಿನ ಮೇಲೆ ಮಂಡಿಯೂರಿದಳು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಎದ್ದು ನಿಂತಳೋ ಇಲ್ಲವೋ, ಬೋರ್ಡು ನಡುವೆ ಜೋತುಬಿದ್ದು ಹಳೇ ಹಗ್ಗದ ಮಂಚದಂತಾಯಿತು. ಪಾದ ಮುಳುಗಿತು. ಗಂಡನ ಕಡೆ ಒಮ್ಮೆ ನೋಡಿ ದಬಕ್ಕನೆ ಬಿದ್ದಳು. ದಂಡೆಯಲ್ಲಿ ಯಾರೋ ಕಿಸಕ್ಕೆಂದರು.

“ನಡೀರಿ ಮನೆಗೆ,” ಎಂದಳು ಮೇಲೆ ಬಂದವಳು, ಕೂದಲು ಹಿಂಡುತ್ತ. “ಇದೆಲ್ಲ ನನ್ನಂಥೋರಿಗಲ್ಲ.”

ಸೈಕಲ್ ಬಿಟ್ಟಾಗಲೂ, ಹಾಡು ಬಿಟ್ಟಾಗಲೂ ಅವಳು ಅಂದದ್ದು ಇದೇ ಮಾತು. ಪಕ್ಕದಲ್ಲೇ ದರ್ಜಿಯ ಗಿರಾಕಿಗಳಿಬ್ಬರು ತಮಗೂ ಬೋರ್ಡು ಹುಡುಕುತ್ತ ಇತ್ತ ಕಿವಿ ಕೊಟ್ಟು ನಿಂತಿದ್ದರು. ನಿಜ ಹೇಳಿದರೆ ತನ್ನ ಹೊಲಿಗೆ ಅಂಗಡಿಯ ಗುಟ್ಟು ರಟ್ಟಾಗುತ್ತಿತ್ತು. ಆದರೆ ಆಗಲಿ ಅಂದುಕೊಂಡ.

“ತಪ್ಪು ಬೋರ್ಡಿಂದಲ್ಲಮ್ಮ, ನನ್ನ ಬಾಯಿದು,” ಎಂದ ಹುಡುಗಿಗೆ. “ನಾನು ಯಾರ ಅಳತೇನೂ ನಿಜ ಹೇಳಿದೋನಲ್ಲ. ಇವಳ ತೂಕ ಎಪ್ಪತ್ತೈದು.”

ಹೆಂಡತಿ ಕೂದಲು ಹಿಂಡುವುದನ್ನು ನಿಲ್ಲಿಸಿ ಅವನನ್ನೇ ದುರುಗುಟ್ಟಿ ನೋಡಿದಳು. ದರ್ಜಿ ತಲೆ ತಗ್ಗಿಸಿದ.

“ಎಂಬತ್ತೊಂದು,” ಎಂದಳು ಅವಳು, ಕೆರೆಗೆಲ್ಲ ಕೇಳುವಂತೆ. “ಅಷ್ಟಕ್ಕೆ ಯಾವುದು ಆಗತ್ತೋ ಅದು ತೋರ್ಸಮ್ಮ.”

ಈ ಸಲ ಬಂದದ್ದು ಅಗಲವಾದ, ದಪ್ಪನೆಯ ಬೋರ್ಡು. ತುಸು ಭಾರವೇ. ಬೆನ್ನಿನ ಮನೆ ಹಾಳಾಗಲಿ, ಮೆಟ್ಟಿಲಲ್ಲಿ ಒಂದು ತುದಿ ತಾನೇ ಹಿಡಿಯುತ್ತೇನೆ ಎಂದ ದರ್ಜಿ. ಹೆಂಡತಿ ಮಂಡಿಯೂರಿದಳು, ಒಂದು ಪಾದ ಊರಿದಳು, ಇನ್ನೊಂದನ್ನೂ ಊರಿ ಎದ್ದಳು. ಅವಳ ಕಾಲು ಗಡಗಡ ನಡುಗಿತು, ಬೋರ್ಡು ಜಗ್ಗಲಿಲ್ಲ. ಹುಟ್ಟು ಹಾಕಿದಳು, ಮತ್ತೆ ಹಾಕಿದಳು. ದರ್ಜಿಗೆ ಕಣ್ಣು ತುಂಬಿ ಬಂತು. ಊರ ಹೆಂಗಸರ ಬೆನ್ನನ್ನೆಲ್ಲ ಅಳೆದವನಿಗೆ ತನ್ನ ಹೆಂಡತಿಯ ಬೆನ್ನು ಇಷ್ಟು ನೆಟ್ಟಗೆ ನಿಲ್ಲುತ್ತದೆಂದು ಗೊತ್ತಿರಲಿಲ್ಲ. ಗಿರಾಕಿಗಳಲ್ಲೊಬ್ಬಳು ಹತ್ತಿರ ಬಂದು, ಹಾಗಾದರೆ ತನ್ನ ಸೊಂಟ ನಿಜವಾಗಿ ಎಷ್ಟೆಂದು ಮೆಲ್ಲಗೆ ಕೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

“ಸಾಕು ಕಣೇ, ವಾಪಸ್ ಬಾ,” ಎಂದು ಕೂಗಿದ.

ತಿರುಗಿಸುವುದನ್ನು ಇನ್ನೂ ಹೇಳಿಕೊಟ್ಟಿಲ್ಲ ಎಂದು ಹುಡುಗಿ ಗಾಬರಿಯಿಂದ ತನ್ನ ಬೋರ್ಡು ಹತ್ತಿ ಹಿಂದೆ ಹೊರಟಳು. ಹೆಂಡತಿ ಆಗಲೇ ಕೆರೆಯ ನಡುವಿಗೆ ಹೋಗಿಯಾಗಿತ್ತು. ತಿರುಗಲು ಅವಳಿಗೆ ಬರುತ್ತಿರಲಿಲ್ಲ ನಿಜ, ಆದರೆ ಕಲಿಯುವ ಆತುರವೂ ಇದ್ದಂತೆ ಕಾಣಲಿಲ್ಲ.