ಗಾರ್ಡಿಗೆ ಕಟ್ಟಿದ ತಂತಿ

ಚೌಕಟ್ಟು ಮಾಡುವುದು ನಮ್ಮ ಮನೆಯ ಕಸುಬು. ಚಿತ್ರಕ್ಕೆ, ಕನ್ನಡಿಗೆ, ಕಿಟಕಿಗೆ. ಮೂಲೆಯಲ್ಲಿ ಎರಡು ಪಟ್ಟಿ ಸೇರುವ ಕಡೆ ಕೂದಲೆಳೆಯಷ್ಟು ಸಂದು ಬಿದ್ದರೂ ಗಿರಾಕಿ ಮೂಗು ಮುರಿಯುತ್ತಾನೆ. ಅಂಥ ಒಂದು ಸಂದು ಮುಚ್ಚಲು ಹೋಗಿ ನನ್ನ ತಮ್ಮ ಸತ್ತ.

ಮೇಜು ತಿರುಗಿಸಿ, ಹಲ್ಲಿನ ಚಕ್ರ ವಾಲಿಸಿ, ಬೇಕಾದ ಓರೆಯಲ್ಲಿ ಮರ ಕೊಯ್ಯುವ ಕಾಂಪೌಂಡ್ ಮೈಟರ್ ಗರಗಸ ನಮ್ಮಲ್ಲಿದೆ. ಬೆರಳುದ್ದದ ತುಂಡನ್ನು ಬರಿಗೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಎಳೆ ಸವರಲು ತಮ್ಮ ಚಕ್ರ ಇಳಿಸಿದ. ತುಂಡು ಜಾರಿತು, ಕೈಯನ್ನೂ ಎಳೆದುಕೊಂಡಿತು. ಮಣಿಕಟ್ಟಿನ ರಕ್ತನಾಳ ಕತ್ತರಿಸಿಹೋಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ವಿಚಾರಿಸಲು ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: “ದೇವರು ಕರೆಸಿಕೊಂಡ.”

ಐದು ತಿಂಗಳ ಮೇಲೆ ತಮ್ಮನ ಮಗಳು ಯಂತ್ರದ ಹೊದಿಕೆ ತೆಗೆದಳು.

“ಮುಟ್ಟಬೇಡ ಅದನ್ನ,” ಎಂದೆ.

“ಮುಟ್ಟದೆ ಏನು ಮಾಡ್ಲಿ ದೊಡ್ಡಪ್ಪ? ನಂಗೆ ಬರೋ ಕೆಲಸ ಇದೊಂದೇ. ರಿಪೇರಿ ಅಕ್ಕನ್ನ ಕರೆಸಿದೀನಿ. ಅವ್ರು ಸರಿ ಅಂದ್ಮೇಲೇ ಶುರು.”

ರಿಪೇರಿ ಅಕ್ಕ ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಕೂದಲು ನರೆಸಿಕೊಂಡ ಹೆಂಗಸು. ಬಂದವಳೇ ಮೊದಲು ಪ್ಲಗ್ ಕಿತ್ತಳು.

“ಮೂವತ್ತು ವರ್ಷ ಕೈ ಪಳಗಿದವನಿಗೇ ಹೀಗಾಯ್ತು,” ಎಂದೆ. “ಹಣೆಬರಹಕ್ಕೆ ರಿಪೇರಿ ಉಂಟೇನಮ್ಮ?”

“ಹಣೆಬರಹ ಓದೋಕೆ ನಂಗೆ ಬರಲ್ಲ ಯಜಮಾನ್ರೇ. ಯಂತ್ರ ಓದ್ತೀನಿ.” ಓರೆ ಅಳೆಯುವ ಮೂಲೆಮಟ್ಟ ಇಟ್ಟು ಕಣ್ಣು ಕಿರಿದು ಮಾಡಿದಳು. “ಕೋನ ತೋರಿಸೋ ಮುಳ್ಳು ನಲವತ್ತೈದು ಅಂತಿದೆ. ಸುಳ್ಳು! ಅರ್ಧ ಡಿಗ್ರಿ ತಪ್ಪಿದೆ. ಮೂಲೆ ಹೇಗೆ ಕೂಡುತ್ತೆ?”

“ಅಪ್ಪ ಪ್ರತಿ ಸಲ ಸವರಿ ಸರಿ ಮಾಡ್ತಿದ್ರು,” ಎಂದಳು ಹುಡುಗಿ.

“ಬೇಡದ ಮರದಲ್ಲಿ ಒಂದ್ಸಲ ಕೊಯ್ದು ನೋಡಿ ಮುಳ್ಳು ಸರಿ ಮಾಡ್ಕೊಂಡಿದ್ರೆ, ಸವರೋ ಕೆಲಸವೇ ಇರ್ತಿರ್ಲಿಲ್ಲ.”

ಆಮೇಲೆ ಬಗ್ಗಿ ನೋಡಿದವಳು ಹಾಗೇ ನಿಂತಳು. ಚಕ್ರ ಮೇಲೆದ್ದಾಗ ಅದರ ಹಲ್ಲುಗಳನ್ನು ತಾನಾಗಿ ಮುಚ್ಚುವ ಗಾರ್ಡನ್ನು ತಂತಿಯಿಂದ ಮೇಲಕ್ಕೆ ಬಿಗಿದು ಕಟ್ಟಲಾಗಿತ್ತು.

“ಯಾರು ಕಟ್ಟಿದ್ದು ಇದನ್ನ?”

“ನಾನು,” ಎಂದೆ. “ಅದು ಅಡ್ಡ ಬಂದು ಪೆನ್ಸಿಲ್ ಗೆರೆ ಕಾಣ್ತಿರಲಿಲ್ಲ.”

ಹುಡುಗಿ ನನ್ನ ಮುಖ ನೋಡಲಿಲ್ಲ.

“ಈ ತಂತಿ ಇಲ್ದಿದ್ರೆ ಅವನು ಉಳೀತಿದ್ನಾ?” ಎಂದು ಕೇಳಿದೆ.

“ಗೊತ್ತಿಲ್ಲ,” ಎಂದಳು ರಿಪೇರಿ ಅಕ್ಕ. “ನಿಮಗೂ ಇನ್ನು ಗೊತ್ತಾಗಲ್ಲ.” ಇಕ್ಕಳವನ್ನು ನನ್ನ ಕೈಗಿತ್ತಳು. “ಕಟ್ಟಿದೋರೇ ತೆಗೀರಿ.”

ತಂತಿ ಕತ್ತರಿಸಿದೆ. ಗಾರ್ಡ್ ಟಕ್ಕೆಂದು ಮುಚ್ಚಿಕೊಂಡಿತು. ಅಷ್ಟೇ ಕೆಲಸ. ದೇವರ ಮೇಲೆ ಹೊರಿಸಿದ್ದನ್ನು ಆ ದಿನ ಇಳಿಸಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ.

“ಕೇಳು ಮಗಳೇ,” ರಿಪೇರಿ ಅಕ್ಕ ಹುಡುಗಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. “ಕೈಗೂ ಚಕ್ರಕ್ಕೂ ಒಂದು ಗೇಣು ದೂರ. ಪಟ್ಟಿ ಹಿಡಿಯೋಕೆ ಕ್ಲಾಂಪ್ ಇದೆ, ಅದಕ್ಕೆ ನೋವಾಗಲ್ಲ. ಚಿಕ್ಕ ತುಂಡು ಕೈಯಲ್ಲಿ ಹಿಡೀಬೇಡ, ಉದ್ದ ಪಟ್ಟಿಯಿಂದಲೇ ಕೊಯ್ದುಕೋ. ಚಕ್ರಕ್ಕೂ ದಪ್ಪ ಇದೆ, ಅಷ್ಟು ಮರ ತಿನ್ನುತ್ತೆ, ಅದಕ್ಕೇ ಗೆರೆಯ ಆಚೆ, ಬೇಡದ ಕಡೆ ಇಳಿಸು. ಪೂರ್ತಿ ವೇಗ ಬಂದ್ಮೇಲೆ ಮೆಲ್ಲಗೆ ಇಳಿಸು. ಸ್ವಿಚ್ ಬಿಟ್ಟು, ಚಕ್ರ ನಿಂತ್ಮೇಲೇ ಎತ್ತು. ಕಣ್ಣಿಗೆ ಕನ್ನಡಕ. ಬಳೆ, ಜೋಲು ತೋಳು ಬೇಡ.”

“ಅವಸರ ಇದ್ರೆ?”

“ಅವಸರ ಇದ್ರೆ ಚಹಾ ಕುಡಿ. ಗರಗಸ ಮುಟ್ಟಬೇಡ.”

ಹುಡುಗಿ ಬಳೆ ಬಿಚ್ಚಿಟ್ಟು ಕನ್ನಡಕ ಹಾಕಿಕೊಂಡಳು. ಮುಳ್ಳು ಸರಿ ಮಾಡಿ, ಕ್ಲಾಂಪ್ ಬಿಗಿದು, ಪ್ಲಗ್ ಹಾಕಿ, ಎರಡು ಪಟ್ಟಿ ಕೊಯ್ದು ಕೂಡಿಸಿದಳು. ಮೂಲೆಯನ್ನು ಬೆಳಕಿಗೆ ಹಿಡಿದು ನನ್ನ ಮುಂದೆ ಚಾಚಿದಳು. ಸಂದು ಇರಲಿಲ್ಲ. ಸವರುವುದೂ ಇರಲಿಲ್ಲ. ಇಷ್ಟು ಸುಲಭವಾಗಿತ್ತೇ ಎಂದು ಆ ಮೂಲೆಯ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದೆ.

ಇದನ್ನು ಓದುತ್ತಿರುವ ಅಣ್ಣ, ತಮ್ಮ, ತಾಯಿ, ನಿಮ್ಮಲ್ಲೂ ಇಂಥ ಗರಗಸವಿದ್ದರೆ ಈಗಲೇ ಎದ್ದು ಹೋಗಿ. ಮೊದಲು ಪ್ಲಗ್ ಕೀಳಿ. ಗಾರ್ಡಿಗೆ ತಂತಿಯೋ ದಾರವೋ ಕಟ್ಟಿದ್ದರೆ ಕತ್ತರಿಸಿ ಎಸೆಯಿರಿ. ಮುಳ್ಳು ನಿಜ ಹೇಳುತ್ತಿದೆಯೇ, ಮೂಲೆಮಟ್ಟ ಇಟ್ಟು ನೋಡಿ. ಇಷ್ಟೆಲ್ಲ ಮಾಡಿದ ಮೇಲೆ ದೇವರ ಹೆಸರು ಹೇಳಿ ಸ್ವಿಚ್ ಒತ್ತಿ. ನನ್ನ ಹಾಗೆ ಎಲ್ಲ ಮುಗಿದ ಮೇಲೆ ಅವನ ಹೆಸರು ಹೇಳಬೇಡಿ.